ಎತ್ತಿ ಇಟ್ಟ ರಿಸೀವರ್

ಮೋಡೆಮ್ ಕೆಟ್ಟಿರಲಿಲ್ಲ ಎಂದು ನಾನು ತಂಗಿಗೆ ಹೇಳಲಿಲ್ಲ. ಹೇಳಬೇಕಿದ್ದ ಮೂರು ದಿನವೂ ಅವಳ ಪಕ್ಕದ ಕೋಣೆಯಲ್ಲೇ ಇದ್ದೆ.

ಅಪ್ಪ ತೀರಿಕೊಂಡಾಗ ನಾನು ಏಳನೇ ಕ್ಲಾಸು ಬಿಟ್ಟು ಪುರೋಹಿತಿಕೆಗೆಂದು ನದಿದಂಡೆಯ ಘಾಟಿಗೆ ಇಳಿದವನು. ಕರ್ನಾಟಕದಿಂದ ಅಸ್ಥಿ ತರುವವರಿಗೆ ಕರ್ಮ ಮಾಡಿಸುವುದು ನಮ್ಮ ಮನೆತನದ ಕೆಲಸ. ಅವರು ರೈಲು ಹತ್ತುವ ಮುಂಚೆ ಫೋನ್ ಮಾಡುತ್ತಾರೆ. ಲೈನು ಎಂಗೇಜ್ ಬಂದರೆ ಇನ್ನೊಬ್ಬ ಪುರೋಹಿತರಿಗೆ ಮಾಡುತ್ತಾರೆ. ಒಮ್ಮೆ ಅತ್ತ ಹೋದ ಕುಟುಂಬ ಮೊಮ್ಮಕ್ಕಳ ಕಾಲಕ್ಕೂ ಅಲ್ಲಿಗೇ ಹೋಗುತ್ತದೆ. ನನಗೆ ಅದೇ ಭಯ.

ತಂಗಿಗೆ ಗೆಳತಿಯೊಬ್ಬಳು ಹಳೆಯ ಕಂಪ್ಯೂಟರ್ ಕೊಟ್ಟಿದ್ದಳು. ಅದಕ್ಕೆ ಲಿನಕ್ಸ್ ಹಾಕಿ, ಪುಸ್ತಕ ನೋಡಿ ನೋಡಿ ಮನೆಯ ಫೋನ್ ಲೈನಿಗೇ ಮೋಡೆಮ್ ಜೋಡಿಸಿದ್ದಳು. ಅದು ನಡೆಯುವಷ್ಟು ಹೊತ್ತೂ ಲೈನು ಎಂಗೇಜ್. ಲಖನೌದ ಕಾಲೇಜೊಂದಕ್ಕೆ ಇಂಟರ್ನೆಟ್ಟಿನಲ್ಲೇ ಅರ್ಜಿ ತುಂಬಬೇಕಿತ್ತು. ಮೂರು ದಿನ ಉಳಿದಿತ್ತು.

ಮಧ್ಯಾಹ್ನ ಮೋಡೆಮ್ ಕಿರುಚತೊಡಗಿದರೆ ಐದು ನಿಮಿಷ ತಡೆದುಕೊಳ್ಳುತ್ತಿದ್ದೆ. ಆಮೇಲೆ ಮುಂದಿನ ಕೋಣೆಯಲ್ಲಿ ಅದೇ ಲೈನಿನ ರಿಸೀವರ್ ಎತ್ತಿ, ಹತ್ತು ಎಣಿಸಿ, ಇಟ್ಟುಬಿಡುತ್ತಿದ್ದೆ. ಅಷ್ಟಕ್ಕೆ ಅವಳ ಸಂಪರ್ಕ ಕಡಿದುಹೋಗುತ್ತಿತ್ತು.

ಅವಳು ತಾರು ಬದಲಿಸಿದಳು. ಮೋಡೆಮ್‌ನ ವೇಗ ಇಳಿಸಿದಳು. ಏನೇನು ಮಾಡಿದಳೋ ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಳು.

"ನಿನ್ನ ಡಬ್ಬಕ್ಕೆ ದಮ್ಮು ಹಿಡಿದಿದೆ, ವೈದ್ಯಜೀ ಹತ್ರ ತೋರಿಸು," ಎಂದೆ.

ಅವಳು ನಕ್ಕಳು. "ಡಬ್ಬ ಠೀಕ್ ಇದೆ ಅಣ್ಣಾ. ನನಗೇ ದಿಮಾಗ್ ಇಲ್ಲ."

ಎರಡನೇ ದಿನ ಬಾಗಿಲಲ್ಲಿ ನಿಂತು ಕೇಳಿದಳು. "ಮಧ್ಯದಲ್ಲಿ ನೀನೇನಾದ್ರೂ ಫೋನ್ ಎತ್ತಿದ್ಯಾ?"

"ನಾನ್ಯಾಕೆ ಎತ್ಲಿ? ನನಗೆ ಬೇರೆ ಕೆಲಸ ಇಲ್ವಾ?"

ನಂಬಿದಳು. ತಪ್ಪು ತನ್ನದೇ ಎಂದುಕೊಂಡು ಲಿನಕ್ಸನ್ನು ಪೂರ್ತಿ ಅಳಿಸಿ ಮೊದಲಿನಿಂದ ಹಾಕಿದಳು. ಮೂರನೇ ದಿನ ಸಂಪರ್ಕ ಸಿಕ್ಕಿತು. ನಾನು ಮತ್ತೆ ರಿಸೀವರ್ ಎತ್ತಿದೆ. ಅವಳು ಭೇಲೂಪುರದ ಸೈಬರ್ ಕೆಫೆಗೆ ಓಡಿದಳು. ಅಲ್ಲಿ ಕರೆಂಟ್ ಇರಲಿಲ್ಲ. ಸಂಜೆವರೆಗೆ ಮೆಟ್ಟಿಲ ಮೇಲೆ ಕಾದು, ಬರಿಗೈಲಿ ಬಂದಳು.

ಆ ಮೂರೂ ದಿನ ಕರ್ನಾಟಕದಿಂದ ಒಂದು ಫೋನೂ ಬರಲಿಲ್ಲ.

ಮರುವರ್ಷ ಅರ್ಜಿ ಹಾಕು ಎಂದರೆ "ನನ್ನ ಕೈಲಾಗಲ್ಲ" ಎಂದಳು. ಕಂಪ್ಯೂಟರನ್ನು ಗೆಳತಿಗೆ ವಾಪಸು ಕೊಟ್ಟಳು. ಯಾತ್ರಿಕರಿಗೆ ಅಡುಗೆ ಮಾಡುವುದಕ್ಕೆ ನಿಂತಳು. ಹೀಗೇ ನಾಲ್ಕು ವರ್ಷ ಕಳೆಯಿತು.

ಒಂದು ಬೆಳಿಗ್ಗೆ ಯಾತ್ರೆಗೆ ಬಂದ ಹೆಂಗಸೊಬ್ಬರು ಅವಳನ್ನು ಏನು ಓದಿದ್ದೀ ಎಂದು ಕೇಳಿದರು. "ಓದು ನನಗೆ ಹತ್ತಲಿಲ್ಲ. ಒಂದು ತಾರು ಜೋಡಿಸೋಕೆ ಬರದ ದಡ್ಡಿ ನಾನು," ಎಂದಳು, ಅಕ್ಕಿ ಆರಿಸುತ್ತಾ, ಬೇಸರವೇನೂ ಇಲ್ಲದೆ. ಆ ಮಾತು ಅವಳಿಗೆ ಅಷ್ಟು ರೂಢಿಯಾಗಿತ್ತು.

ಹೆಂಗಸು ಸ್ನಾನಕ್ಕೆ ಹೋದ ಮೇಲೆ ಅವಳೆದುರು ನೆಲದ ಮೇಲೆ ಕೂತೆ.

"ನೀನು ದಡ್ಡಿಯಲ್ಲ. ನೀನು ಜೋಡಿಸಿದ್ದು ಸರಿಯಾಗೇ ಇತ್ತು. ಫೋನ್ ಎತ್ತಿದ್ದು ನಾನು, ಮೂರು ದಿನವೂ ನಾನೇ. ಕೇಳಿದಾಗ ಸುಳ್ಳು ಹೇಳಿದೆ. ತಪ್ಪಾಯ್ತು ಮರಿ, ನನ್ನಿಂದ ನಿನಗೆ ದೊಡ್ಡ ಅನ್ಯಾಯವಾಯ್ತು."