ಜವರಣ್ಣನ ಹೆಬ್ಬೆರಳು

ಗ್ರೀಸಿನ ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಜವರಣ್ಣ ಓದುತ್ತಿರಲಿಲ್ಲ. ಮುಚ್ಚಳ ತೆಗೆದು, ಕಡಲೆಕಾಳಿನಷ್ಟು ಗ್ರೀಸನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು, ಕಣ್ಣು ಮುಚ್ಚಿ ತಿಕ್ಕುವರು. ಆಮೇಲೆ ಬೆರಳು ಬಿಡಿಸಿ ಎಳೆ ಎಷ್ಟು ಉದ್ದ ಬರುತ್ತದೆಂದು ನೋಡುವರು. ಹುಣಸೂರಿನ ಸುತ್ತಮುತ್ತ ಹಳೆಯ ಮಿಷನ್ನು ಬಿಚ್ಚಿ ಕಟ್ಟುವವರು ಇನ್ನೂ ಕೆಲವರಿದ್ದರು. ಆದರೆ ಯಾವುದಕ್ಕೆ ಯಾವ ಗ್ರೀಸು ಹೆಚ್ಚು ದಿನ ತಡೆಯುತ್ತದೆ ಎಂದು ಕೇಳಲು ಎಲ್ಲರೂ ಇವರ ಶೆಡ್ಡಿಗೇ ಬರುತ್ತಿದ್ದರು. ನನ್ನದೊಂದು ಸಾಮಿಲ್ ಇದೆ. ಅಲ್ಲಿಯ ಮರ ಕೊಯ್ಯುವ ಬ್ಯಾಂಡ್ ಸಾ ನಮ್ಮಪ್ಪನ ಕಾಲದ್ದು. ಹಾಗಾಗಿ ಆ ಶೆಡ್ಡಿಗೂ ನನಗೂ ಮೂವತ್ತು ವರ್ಷದ ನಂಟು.

ಹೆಣ್ಣು ಕೊಡುವವರು ವಿಚಾರಿಸುವಂತೆ ಅವರು ವಿಚಾರಿಸುತ್ತಿದ್ದರು. "ಮಿಸೀನು ಎಲ್ಲಿ ನಿಂತಿರ್ತದೆ? ಬಿಸ್ಲಲ್ಲೋ, ನೀರಲ್ಲೋ, ಧೂಳಲ್ಲೋ? ದಿನಕ್ಕೆ ಎಷ್ಟೊತ್ತು ಓಡ್ತದೆ?" ಹೊಸ ಅಗ್ರಹಾರದ ಕಬ್ಬಿನ ಗಾಣಕ್ಕೆ ಒಂದು ಗ್ರೀಸಾದರೆ ಅಂತರಸಂತೆಯ ಕಡೆ ಹೊಲ ಮಟ್ಟ ಮಾಡುವ ಡೋಜರ್‌ಗೆ ಇನ್ನೊಂದು. ಒಮ್ಮೆ ನಾನು ಯಾರದೋ ಮಾತು ಕೇಳಿ ನೀಲಿ ಬಣ್ಣದ ದುಬಾರಿ ಗ್ರೀಸು ತಂದೆ. "ಬಣ್ಣ ನೋಡಿ ತರಕ್ಕೆ ಇದೇನ್ ಸೀರೆನಾ ಯಜಮಾನ್ರೇ?" ಎಂದು ಒಂದು ಚೂರನ್ನು ತಗಡಿಗೆ ಹಚ್ಚಿ ಬಿಸಿಲಿಗಿಟ್ಟರು. ಮಧ್ಯಾಹ್ನದ ಹೊತ್ತಿಗೆ ಎಣ್ಣೆ ಬೇರೆ, ಗಸಿ ಬೇರೆಯಾಗಿತ್ತು. ನಾನು ಡಬ್ಬಿ ವಾಪಸು ಒಯ್ದೆ.

ಅವರದೊಂದು ಕಟ್ಟುನಿಟ್ಟು. ಬೇರಿಂಗ್ ಕೂರುವ ಗೂಡನ್ನು ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆಯದೆ ಹೊಸ ಗ್ರೀಸು ತುಂಬುತ್ತಿರಲಿಲ್ಲ. "ಹಳೇದ್ರ ಮೇಲೆ ಬೇರೇದು ಆಕ್ಬಾರ್ದು ಕಣ್ರೀ. ಎರಡೂ ಒಳ್ಳೇವೇ ಇರ್ಲಿ, ಸೇರುದ್ರೆ ಮಜ್ಜಿಗೆ ಆಯ್ತವೆ." ಒರೆಸಲು ಬಟ್ಟೆ ಮುಟ್ಟಿಸುತ್ತಿರಲಿಲ್ಲ, ನೂಲು ಬಿಡುತ್ತದೆಂದು. ಗೂಡಿನ ಮೂಲೆಮೂಲೆಗೂ ಹೆಬ್ಬೆರಳು ಆಡಿಸಿ, ಎಲ್ಲೂ ಜಾರದಿದ್ದರೆ ಮಾತ್ರ ತೊಳೆದದ್ದು ಸರಿ.

ಬೇರಿಂಗ್ ಬೇಕಾದರೆ ಎದುರಿನ ಅಂಗಡಿಯ ಪುಟ್ಟಸ್ವಾಮಿಯವರದೇ ಆಗಬೇಕು. ದಿನಾ ಬೆಳಿಗ್ಗೆ ಇಬ್ಬರೂ ಆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುವರು. ಮಾತು ಕಮ್ಮಿ.

ಆಮೇಲೆ ಜವರಣ್ಣನಿಗೆ ಸಕ್ಕರೆ ಕಾಯಿಲೆ ಬಂತು. ಒಂದು ದಿನ ಅವರು ಬಿಸಿ ಸೈಲೆನ್ಸರ್ ಮೇಲೆ ಕೈಯಿಟ್ಟುಕೊಂಡೇ ಮಾತಾಡುತ್ತಿದ್ದರು. ನಾನು ಕೈ ಹಿಡಿದೆಳೆದೆ. ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತ್ತು. "ಗೊತ್ತೇ ಆಗ್ನಿಲ್ಲ ಬುಡಿ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಹೋದ ವರ್ಷ ನಮ್ಮ ಬ್ಯಾಂಡ್ ಸಾ ಪೂರ್ತಿ ಬಿಚ್ಚಿದಾಗ ಪುಟ್ಟಸ್ವಾಮಿಯವರ ಅಂಗಡಿಯಿಂದ ಹೊಸ ಬೇರಿಂಗ್ ತಂದರು. ಗೂಡು ತೊಳೆದರು, ಹೆಬ್ಬೆರಳು ಆಡಿಸಿದರು, ಸರಿಯಿದೆ ಎಂದು ತಲೆಯಾಡಿಸಿದರು. ಒಳಮೂಲೆಯಲ್ಲಿ ಹಳದಿ ಬಣ್ಣದ ಹಳೆ ಗ್ರೀಸು ಅಂಟಿಕೊಂಡಿದ್ದುದು ನನಗೆ ಕಾಣುತ್ತಿತ್ತು. ಹೇಳಬೇಕಿತ್ತು. ಆ ಬೆರಳು ತಪ್ಪಿತು ಎಂದು ಆ ಮನುಷ್ಯನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಒಂದು ತಿಂಗಳೂ ಆಗಲಿಲ್ಲ. ಗ್ರೀಸು ನೀರಾಗಿ ಸೋರಿಹೋಗಿ ಬೇರಿಂಗ್ ಸುಟ್ಟುಹೋಯಿತು. ಜವರಣ್ಣ ಬಂದು ಅದನ್ನು ಎಷ್ಟೋ ಹೊತ್ತು ತಿರುಗಿಸಿ ನೋಡಿದರು. "ಗ್ರೀಸ್ ಸರ್ಯಾದ್ದೇ ಆಕಿವ್ನಿ. ತೊಳ್ದೂ ಇವ್ನಿ. ಮತ್ಯಾಕಾಯ್ತು, ನೀವೇ ಯೋಳಿ." ಅವರ ಮುಖ ನೋಡಲಾರದೆ ನಾನು ಅಂದೆ: "ಬೇರಿಂಗೇ ಡೂಪ್ಲಿಕೇಟ್ ಇರಬೇಕು, ಜವರಣ್ಣ."

ಅವರು ನೆಟ್ಟಗೆ ಪುಟ್ಟಸ್ವಾಮಿಯವರ ಅಂಗಡಿಗೆ ಹೋಗಿ, ನಾಲ್ಕು ಜನ ಗಿರಾಕಿಗಳ ಮುಂದೆ ಬೇರಿಂಗನ್ನು ಎಸೆದರು. "ಮೂವತ್ ವರ್ಸ ನಂಬಿದ್ದೆ ಕಣಯ್ಯ ನಿನ್ನ," ಎಂದರಂತೆ. ಮರುದಿನದಿಂದ ಟೀ ನಿಂತಿತು. ಬೇರಿಂಗಿಗೆ ಮೈಸೂರಿಗೆ ಬಸ್ಸು ಹತ್ತತೊಡಗಿದರು. ಅಲ್ಲಿಂದ ತಂದದ್ದನ್ನು ನಮ್ಮ ಮಿಷನ್ನಿಗೆ ಕೂರಿಸುವ ಮೊದಲು ನಾನು ಕಳ್ಳನಂತೆ ಗೂಡನ್ನು ಚೆನ್ನಾಗಿ ತೊಳೆಸಿಟ್ಟೆ. ಅದು ಈಗಲೂ ಓಡುತ್ತಿದೆ. "ನೋಡುದ್ರಾ, ಒರಿಜಿನಲ್ ಆಕುದ್ರೆ ಎಂಗ್ ಓಡ್ತದೆ," ಎಂದು ಊರಿಗೆಲ್ಲ ಹೇಳಿದರು. ನಿಜ ಹೇಳಿಬಿಡೋಣವೆಂದು ಎಷ್ಟು ಸಲ ಶೆಡ್ಡಿನವರೆಗೆ ಹೋದೆನೋ. ಹೇಳಿದರೆ ತಮ್ಮ ಕೈಯ ಮೇಲಿನ ಅವರ ನಂಬಿಕೆ ಹೋಗುತ್ತಿತ್ತು, ಹೇಳದಿದ್ದರೆ ಪುಟ್ಟಸ್ವಾಮಿಯವರ ಹೆಸರು. ಟೀ ಕುಡಿದು ವಾಪಸು ಬರುತ್ತಿದ್ದೆ.

ಈ ಬೇಸಿಗೆಯಲ್ಲಿ ಜವರಣ್ಣ ತೀರಿಕೊಂಡರು. ಪುಟ್ಟಸ್ವಾಮಿ ಹಾರ ಹಿಡಿದು ಅವರ ಮನೆಗೆ ಬಂದವರು ಒಳಗೆ ಹೋಗದೆ ಬಾಗಿಲ ಬಳಿ ನನ್ನ ಪಕ್ಕದಲ್ಲಿ ನಿಂತರು.

"ನನ್ ಬೇರಿಂಗ್ ಸರ್ಯಾಗಿತ್ತು ಸಾರ್."

"ಗೊತ್ತು," ಎಂದೆ. ಬಾಯಿ ತಪ್ಪಿ ಬಂದುಬಿಟ್ಟಿತ್ತು.

ಅವರು ನನ್ನ ಕಡೆ ತಿರುಗಿದರು. "ನಿಮ್ಗೊತ್ತಿತ್ತಾ? ಮತ್ತೆ ಅವ್ರಿಗೆ ಯಾಕ್ ಯೋಳ್ನಿಲ್ಲ?"

ನಾನು ಒಳಗೆ, ಜವರಣ್ಣನ ಕೈ ಕಡೆ ನೋಡಿದೆ.

"ಸಿಟ್ಟಲ್ಲೇ ಹೋಗವ್ರೆ. ನನ್ ಕೈಯಿಂದ ಬ್ಯಾಡ, ನೀವೇ ಆಕ್ಬುಡಿ," ಎಂದು ಹಾರವನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.