ಹದಿನಾಲ್ಕನೇ ಹಂತ

ಬೀಗ ಮಾರುವ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ, ದೊಡ್ಡವರಿಗೆ ಕಂಪ್ಯೂಟರ್ ಕಲಿಸುವ ಒಂದು ತರಬೇತಿ ಕೇಂದ್ರವಿತ್ತು. ಹತ್ತೊಂಬತ್ತು ವರ್ಷದಿಂದ ಅಲ್ಲಿ ಪಾಠ ಹೇಳುತ್ತಿದ್ದ ಹೆಂಗಸನ್ನು ಎಲ್ಲರೂ ಲ್ಯಾಬ್ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎನ್ನುತ್ತಿದ್ದರು. ಮೊದಮೊದಲು ಅವಳಿಗೆ ಇರುಸುಮುರುಸಾಗುತ್ತಿತ್ತು, ಆಮೇಲೆ ಒಗ್ಗಿಹೋಯಿತು.

ಬೋರ್ಡಿನ ಮುಂದೆ ನಿಂತು ಭಾಷಣ ಮಾಡುವುದು ಅವಳ ಜಾಯಮಾನಕ್ಕೆ ಒಗ್ಗದ ಕೆಲಸ. ಅವಳದೇನಿದ್ದರೂ ಹಾಳೆಯ ಪಾಠ. ಒಂದು ಸಣ್ಣ ಪ್ರೋಗ್ರಾಂ ಬರೆಯಲು ಏನೇನು ಮಾಡಬೇಕೆಂಬುದನ್ನು ಹಂತಹಂತವಾಗಿ ಬರೆದು, ಅಚ್ಚು ಹಾಕಿಸಿ ಕೊಡುತ್ತಿದ್ದಳು. ಒಂದನೇ ಹಂತದಲ್ಲಿ ಈ ಸಾಲು ಬರೆಯಿರಿ, ಎರಡನೇ ಹಂತದಲ್ಲಿ ಅದರ ಕೆಳಗೆ ಇದನ್ನು ಸೇರಿಸಿ, ಈಗ ಓಡಿಸಿ ನೋಡಿ, ಪರದೆಯ ಮೇಲೆ ಇಂಥದ್ದು ಕಾಣಬೇಕು, ಹೀಗೆ. ಅಂಥ ಹಾಳೆಗಳು ಹನ್ನೊಂದಿದ್ದವು. ಅದರಲ್ಲಿ ಮೂರನೆಯದು ಫೋನ್ ನಂಬರುಗಳ ಪುಸ್ತಕ ತಯಾರಿಸುವ ಪಾಠ. ಒಟ್ಟು ಇಪ್ಪತ್ತೆರಡು ಹಂತ. ಯಾರಾದರೂ ಎಡವಿದರೆ ಅಕ್ಕ ಹಿಂದೆ ಬಂದು ನಿಂತು, ಎರಡು ಕೀಲಿ ಒತ್ತಿ ಸರಿಮಾಡಿ, "ಸರಿಯಾಗಿ ಓದ್ಕೊಳ್ಳಿ" ಎಂದು ಮುಂದಿನ ಮೇಜಿಗೆ ಹೋಗುತ್ತಿದ್ದಳು.

ಒಮ್ಮೆ ಅವಳ ತಾಯಿಗೆ ಕಣ್ಣಿನ ಆಪರೇಷನ್ ಆಯಿತೆಂದು ಹತ್ತು ದಿನ ರಜೆ ಹಾಕಿದಳು. ಆ ಹತ್ತು ದಿನ ಪ್ರಿನ್ಸಿಪಾಲರೇ ತರಗತಿ ನೋಡಿಕೊಂಡರು. ತಿರುಗಿ ಬಂದಾಗ ಕಿಟಕಿಯ ಪಕ್ಕದ ಕುರ್ಚಿ ಖಾಲಿಯಿತ್ತು. ಅಲ್ಲಿ ಕೂರುತ್ತಿದ್ದವಳು ನಲವತ್ತಾರು ವರ್ಷದ ಒಬ್ಬ ಟೈಲರಮ್ಮ. ಕೆಲಸಕ್ಕೆ ಬೇಕೆಂದೇನೂ ಅಲ್ಲ, ಇದು ಹೇಗೆ ನಡೆಯುತ್ತದೆಂದು ತಿಳಿಯಬೇಕೆಂಬ ಆಸೆಗೆ ಸೇರಿದ್ದವಳು. ತರಗತಿಗೆ ಒಂದು ದಿನವೂ ತಪ್ಪಿಸಿದವಳಲ್ಲ.

"ಆಯಮ್ಮ ಬಿಟ್ಟುಬಿಟ್ರು," ಎಂದರು ಪ್ರಿನ್ಸಿಪಾಲರು. "ಹದಿನಾಲ್ಕನೇ ಹಂತದಲ್ಲೇ ಮೂರು ದಿನ ಕೂತಿದ್ರು. ನಾನೂ ಹೇಳಿ ಹೇಳಿ ಸಾಕಾಯ್ತು."

ಅಕ್ಕ ಅದನ್ನು ಅಲ್ಲಿಗೇ ಬಿಡಬಹುದಿತ್ತು. ಆದರೆ ಮೂರು ದಿನ ಎಂಬ ಮಾತು ಅವಳ ತಲೆ ಕೊರೆಯತೊಡಗಿತು. ಮಧ್ಯಾಹ್ನ ಲ್ಯಾಬ್ ಖಾಲಿಯಾದ ಮೇಲೆ ಅದೇ ಕುರ್ಚಿಯಲ್ಲಿ ಕುಳಿತು, ಮೂರನೇ ಹಾಳೆಯನ್ನು ಮುಂದಿಟ್ಟುಕೊಂಡು, ಏನೂ ಗೊತ್ತಿಲ್ಲದವಳ ಹಾಗೆ ಅಕ್ಷರ ಬಿಡದೆ ಅದರಲ್ಲಿದ್ದಂತೆಯೇ ಮಾಡುತ್ತಾ ಹೋದಳು. ಹದಿಮೂರರವರೆಗೆ ಎಲ್ಲ ಸರಾಗ. ಹದಿನಾಲ್ಕರಲ್ಲಿ ಪ್ರೋಗ್ರಾಂ ಕೆಂಪು ಅಕ್ಷರ ತೋರಿಸಿ ನಿಂತುಬಿಟ್ಟಿತು.

ಆರನೇ ಹಂತದಲ್ಲಿ ನಂಬರುಗಳನ್ನು ತುಂಬಿಡುವ ಜಾಗಕ್ಕೆ ಮೊದಲು ‘ನೇಮ್ಸ್’ ಎಂದು ಹೆಸರಿತ್ತು. ಎರಡು ವರ್ಷದ ಹಿಂದೆ ಅವಳೇ ಅದನ್ನು ‘ಲಿಸ್ಟ್’ ಎಂದು ಬದಲಾಯಿಸಿದ್ದಳು. ಹದಿನಾಲ್ಕರಲ್ಲಿ ಹಳೆಯ ಹೆಸರೇ ಉಳಿದುಹೋಗಿತ್ತು, ಆ ಹೆಸರಿನ ಜಾಗ ಕಂಪ್ಯೂಟರಿಗೆ ಸಿಗುತ್ತಿರಲಿಲ್ಲ. ಸ್ವಲ್ಪ ಗೊತ್ತಿದ್ದವರು ತಾವೇ ತಿದ್ದಿಕೊಂಡು ಮುಂದೆ ಹೋಗಿದ್ದರು. ಉಳಿದವರಿಗೆ ಅಕ್ಕನ ಬೆರಳುಗಳೇ, ತಲೆಗೆ ತಿಳಿಸದೆ, ಅಭ್ಯಾಸಬಲದಿಂದ ತಿದ್ದಿಬಿಡುತ್ತಿದ್ದವು. ಬೆರಳುಗಳು ರಜೆಯಲ್ಲಿದ್ದಾಗ ಟೈಲರಮ್ಮ ಸಿಕ್ಕಿಬಿದ್ದಿದ್ದಳು.

ಮರುದಿನ ಅಕ್ಕ ಹಾಳೆಯನ್ನು ಮಡಚಿಟ್ಟುಕೊಂಡು ಟೈಲರಮ್ಮನ ಮನೆ ಹುಡುಕಿಕೊಂಡು ಹೋದಳು. ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ನೆಲದ ತುಂಬ ದಾರದ ಚೂರು. ಟೈಲರಮ್ಮ ಕತ್ತರಿ ಆಡಿಸುವುದನ್ನು ನಿಲ್ಲಿಸಲಿಲ್ಲ.

"ನೀವು ಇಷ್ಟು ದೂರ ಬರೋದು ಬೇಡವಾಗಿತ್ತು ಅಕ್ಕ. ಅದು ನನ್ನ ತಲೆಗೆ ಹತ್ತಲ್ಲ."

"ಹಾಗಂತ ಯಾರಂದ್ರು?"

"ಯಾರೂ ಅನ್ನಲಿಲ್ಲ. ಕಣ್ಣಿಟ್ಟು ಓದಿ, ಎಲ್ಲ ಅದರಲ್ಲೇ ಇದೆ ಅಂದ್ರು ಪ್ರಿನ್ಸಿಪಾಲ್ ಸಾರು. ಮೂರು ದಿನ ಕಣ್ಣಿಟ್ಟು ಓದ್ದೆ. ಇನ್ನೆಷ್ಟು ಅಂತ ಕಣ್ಣಿಡ್ಲಿ?"

"ಅದರಲ್ಲಿ ಇರಲೇ ಇಲ್ಲ," ಎಂದಳು ಅಕ್ಕ. "ಹಾಳೆನೇ ತಪ್ಪು. ತಪ್ಪು ಮಾಡಿದ್ದು ನಾನು."

ಟೈಲರಮ್ಮ ಕತ್ತರಿ ಕೆಳಗಿಟ್ಟಳು. ಹಾಳೆ ಇಸಿದುಕೊಂಡು ಆರರ ಮೇಲೊಂದು ಬೆರಳು, ಹದಿನಾಲ್ಕರ ಮೇಲೊಂದು ಬೆರಳು ಇಟ್ಟು ನೋಡಿದಳು.

"ಇಲ್ಲೊಂದು ಹೆಸರು, ಅಲ್ಲೊಂದು ಹೆಸರು."

"ಹೂಂ."

"ಅಂದ್ರೆ ಮೂರು ದಿನ ನನ್ನನ್ನ ದಡ್ಡಿ ಮಾಡಿ ಕೂರಿಸಿದ್ದು ಈ ಕಾಗದ."

"ಹೌದು."

"ಮನೇಲಿ ಎಲ್ಲರ ಮುಂದೆ ಇದು ನನ್ನ ಕೈಲಾಗಲ್ಲ ಅಂತ ಹೇಳಿಬಿಟ್ಟೆ. ನಾನಾಗ್ಲೇ ಹೇಳಿರಲಿಲ್ವಾ ಅಂದ್ರು ನಮ್ಮ ಯಜಮಾನ್ರು. ಈಗ ಆ ಮಾತನ್ನ ಎಲ್ಲಿಂದ ವಾಪಸ್ ತರ್ಲಿ?"

ಅಕ್ಕ ತಲೆಯೆತ್ತಿ ಗೋಡೆಯ ಕಡೆ ನೋಡಿದಳು. ಗೋಡೆಯ ಮೇಲೆ ಒಂದು ರಟ್ಟಿಗೆ ಅಂಗಿಯ ಕಾಲರುಗಳನ್ನು ಸಾಲಾಗಿ ಪಿನ್ ಮಾಡಿತ್ತು. ಮೊದಲನೆಯದು ಬರೀ ಕತ್ತರಿಸಿದ ಬಟ್ಟೆ, ಎರಡನೆಯದಕ್ಕೆ ಒಂದು ಹೊಲಿಗೆ, ಮೂರನೆಯದು ಮಗುಚಿದ್ದು, ಒಂಬತ್ತನೆಯದು ಪೂರ್ತಿ ಕಾಲರು.

"ಇದೇನಿದು?"

"ಹೊಲಿಗೆ ಕಲಿಯೋರಿಗೆ," ಎಂದಳು ಟೈಲರಮ್ಮ, ಸಿಟ್ಟು ಇನ್ನೂ ಇಳಿಯದ ದನಿಯಲ್ಲಿ. "ಬಾಯಲ್ಲಿ ಹೇಳಿದ್ರೆ ನಾಳೆ ನಾನೇ ಬೇರೆ ಥರ ಹೇಳ್ತೀನಿ. ಅದಕ್ಕೇ ಒಂದೊಂದು ಹಂತಕ್ಕೂ ಒಂದೊಂದು ತುಂಡು ಹೊಲಿದಿಟ್ಟಿದೀನಿ."

"ನಡುವೆ ಒಂದನ್ನ ಬದಲಾಯಿಸಬೇಕು ಅನ್ನಿಸಿದ್ರೆ?"

"ಅಲ್ಲಿಂದ ಮುಂದಿನದೆಲ್ಲ ಬಿಚ್ಚಿ ಎಸೆದು ಹೊಸದಾಗಿ ಹೊಲಿಯೋದು. ಇಲ್ದಿದ್ರೆ ನಿಮ್ಮ ಕಾಗದದ ಥರಾನೇ ಆಗೋದು."

ಅಕ್ಕನಿಗೆ ಆ ಮಾತು ಚುರುಕ್ಕೆಂದಿತು. ಆದರೆ ಮೆಟ್ಟಿಲಿಳಿಯುವಾಗ ಅವಳ ತಲೆಯಲ್ಲಿ ಓಡುತ್ತಿದ್ದುದು ಆ ಒಂಬತ್ತು ಕಾಲರುಗಳೇ.

ಮಧ್ಯಾಹ್ನ ಎರಡರಿಂದ ಮೂರರವರೆಗೆ ಲ್ಯಾಬಿನಲ್ಲಿ ಯಾರೂ ಇರುತ್ತಿರಲಿಲ್ಲ. ಆ ಒಂದು ಗಂಟೆಯಲ್ಲಿ, ನಾಲ್ಕು ತಿಂಗಳು ಹಠ ಹಿಡಿದು ಕುಳಿತು, ಅವಳು ಪಾಠ ತಯಾರಿಸುವುದಕ್ಕೆಂದೇ ಒಂದು ಪ್ರೋಗ್ರಾಂ ಬರೆದಳು. ಅದಕ್ಕೆ ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲಿನ ಕಮ್ಯಾಂಡ್ ಬರೆದು ಎಂಟರ್ ಒತ್ತಬೇಕು, ಅಷ್ಟೇ. ಪ್ರತಿ ಹಂತದ ಕೊನೆಯಲ್ಲಿ ಕಲಿಯುವವರ ಕೈಯಲ್ಲಿ ಏನಿರುತ್ತದೋ ಅದನ್ನು ಅದು ಹಾಗೆಯೇ ತೆಗೆದಿಡುತ್ತಿತ್ತು. ನಡುವಿನ ಒಂದು ಹಂತ ಬದಲಾದರೆ ಅಲ್ಲಿಂದ ಮುಂದಿನದನ್ನೆಲ್ಲ ಹೊಸದಾಗಿ ಕಟ್ಟಿ, ಒಂದೊಂದನ್ನೂ ಓಡಿಸಿ ನೋಡುತ್ತಿತ್ತು. ಎಲ್ಲ ಸರಿಯಿದ್ದರೆ ಮಾತ್ರ ಹಾಳೆ ಅಚ್ಚಿಗೆ. ಇಲ್ಲದಿದ್ದರೆ ಇಂಥ ಹಂತ ಮುರಿದಿದೆ ಎಂದು ಹೇಳಿ ಜಪ್ಪಯ್ಯ ಅಂದರೂ ಮುಂದೆ ಹೋಗುತ್ತಿರಲಿಲ್ಲ. ಅದಕ್ಕೆ ‘ತುಂಡು’ ಎಂದು ಹೆಸರಿಟ್ಟಳು.

"ತುಂಡು ಅಂತ ಯಾರಾದ್ರೂ ಹೆಸರಿಡ್ತಾರೇನ್ರೀ?" ಎಂದು ಪ್ರಿನ್ಸಿಪಾಲರು ನಕ್ಕರು.

ಮೊದಲ ಸಲ ಅವಳು ಹನ್ನೊಂದು ಹಾಳೆಗಳನ್ನೂ ಅದಕ್ಕೆ ಉಣಿಸಿದಳು. ಅದರಲ್ಲಿ ಏಳು ಮುರಿದಿದ್ದವು. ಐದನೇ ಹಾಳೆಯಂತೂ ಮೂರು ಕಡೆ. ಪ್ರಿನ್ಸಿಪಾಲರ ನಗು ಅಲ್ಲಿಗೆ ನಿಂತಿತು. ಸರಿಯಾಗಿ ಓದ್ಕೊಳ್ಳಿ ಎಂದು ತಾನು ಎಷ್ಟು ಜನಕ್ಕೆ ಹೇಳಿರಬಹುದು ಎಂದು ಅಕ್ಕ ಲೆಕ್ಕ ಹಾಕಲು ಹೋಗಿ ಕೈಬಿಟ್ಟಳು.

ಮರುದಿನ ಹಾಜರಿ ಪುಸ್ತಕ ತೆಗೆದು, ಎರಡು ವರ್ಷದಲ್ಲಿ ನಡುವೆಯೇ ಬಿಟ್ಟುಹೋದವರ ನಂಬರು ಬರೆದುಕೊಂಡಳು. ಒಂಬತ್ತು ಜನ.

"ತಪ್ಪಿತ್ತು ಅಂತ ನಾವಾಗೇ ಫೋನ್ ಮಾಡಿ ಹೇಳ್ಕೊಂಡ್ರೆ ಕೇಂದ್ರದ ಹೆಸರೇನಾಗ್ಬೇಕು?" ಎಂದರು ಪ್ರಿನ್ಸಿಪಾಲರು.

"ಕೇಂದ್ರದ ಹೆಸರು ಎತ್ತಲ್ಲ ಸಾರ್. ತಪ್ಪು ನಂದು ಅಂತೀನಿ. ಫೋನೂ ನಂದೇ."

ಅವರು ಮುಖ ಗಂಟಿಕ್ಕಿಕೊಂಡು ಹೋದರು, ಬೇಡವೆನ್ನಲಿಲ್ಲ.

ಒಂಬತ್ತರಲ್ಲಿ ಐದು ಜನ ಸಿಕ್ಕಿದರು. ಒಬ್ಬಳು ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟಳು. ವ್ಯಾನ್ ಓಡಿಸುತ್ತಿದ್ದ ಒಬ್ಬ, "ಅಯ್ಯೋ ಅಕ್ಕ, ನಾನು ಬಿಟ್ಟಿದ್ದು ಹಾಳೆಯಿಂದಲ್ಲ, ಬೆಳಿಗ್ಗೆ ಏಳೋಕಾಗ್ದೆ" ಎಂದು ನಕ್ಕುಬಿಟ್ಟ. ಇಬ್ಬರಿಗೆ ಅದೆಲ್ಲ ಮರೆತೇಹೋಗಿತ್ತು. ಐದನೆಯವನು, ಒಬ್ಬ ಮುದಿ ಗಡಿಯಾರ ರಿಪೇರಿಯವನು, "ನನಗೆ ಆಗ್ಲೇ ಅನುಮಾನ ಇತ್ತು, ಹೇಳೋಕೆ ಧೈರ್ಯ ಬರಲಿಲ್ಲ" ಎಂದ. ಮುಂದಿನ ಸೋಮವಾರ ಕನ್ನಡಕ ಒರೆಸಿಕೊಳ್ಳುತ್ತಾ ತರಗತಿಗೆ ಬಂದ.

ಟೈಲರಮ್ಮನೂ ಬಂದಳು. ಕರೆದದ್ದಕ್ಕಲ್ಲ, ತನ್ನ ಕಾಲರಿನಿಂದ ಏನೋ ಮಾಡಿದ್ದಾರಂತೆ ಎಂದು ಯಾರಿಂದಲೋ ಕೇಳಿ, ನೋಡಲು ಬಂದವಳು ಅಲ್ಲೇ ಕುಳಿತಳು. ಮೂರನೇ ಹಾಳೆಯ ಇಪ್ಪತ್ತೆರಡು ಹಂತವನ್ನು ಎರಡು ದಿನದಲ್ಲಿ ಮುಗಿಸಿದಳು, ಹನ್ನೊಂದು ಹಾಳೆಯನ್ನು ಐದು ತಿಂಗಳಲ್ಲಿ. ಮುಗಿಸಿದ ಮೇಲೆ ಅವಳ ಕಸುಬೇನೂ ಬದಲಾಗಲಿಲ್ಲ. "ಹೇಗೆ ನಡೆಯುತ್ತೆ ಅಂತ ಗೊತ್ತಾಯ್ತಲ್ಲ, ಸಾಕು," ಎಂದು ಯಂತ್ರದ ಮುಂದೆ ಹೋಗಿ ಕುಳಿತಳು. ಯಜಮಾನರು ಏನೆಂದರೆಂದು ಅಕ್ಕ ಕೇಳಿದ್ದಕ್ಕೆ, "ಏನಂತಾರೆ, ಬಾಯಿ ಮುಚ್ಕೊಂಡ್ರು" ಎಂದಳು.

ಅಕ್ಕ ‘ತುಂಡು’ ಪ್ರೋಗ್ರಾಮನ್ನು ಯಾರು ಬೇಕಾದರೂ ಬಳಸಲಿ ಎಂದು ಇಂಟರ್ನೆಟ್ಟಿನಲ್ಲಿ ಹಾಕಿದಳು. ಒಂದು ವರ್ಷ ಯಾರೂ ಮೂಸಿ ನೋಡಲಿಲ್ಲ. ಆಮೇಲೆ ಎಲ್ಲೋ ದೂರದ ಒಬ್ಬ ಮೇಷ್ಟರು, ಫೈಲಿನ ಹೆಸರಿನಲ್ಲಿ ಜಾಗ ಬಿಟ್ಟರೆ ನಿಮ್ಮ ಪ್ರೋಗ್ರಾಂ ಮುಗ್ಗರಿಸುತ್ತದೆ ಎಂದು ಬರೆದರು. ಒಬ್ಬರಾದರೂ ಬಳಸುತ್ತಿದ್ದಾರಲ್ಲ ಎಂದು ಅವಳಿಗೆ ಆ ದೂರಿನಿಂದಲೇ ಖುಷಿಯಾಯಿತು. ಅಂದೇ ಸರಿಮಾಡಿದಳು. ಈಗ ಇನ್ನೂ ಮೂರು ಕೇಂದ್ರಗಳಲ್ಲಿ ಅದರಿಂದಲೇ ಪಾಠ ತಯಾರಾಗುತ್ತದೆ.

ಹಾಗೆಂದು ಎಲ್ಲ ಸುಸೂತ್ರವಾಯಿತು ಎನ್ನುವಂತಿಲ್ಲ. ಕಳೆದ ಬಾರಿ ಎಂಟನೇ ಹಾಳೆಯಲ್ಲಿ ‘ಮೇಲಿನ ಸಾಲು ಅಳಿಸಿ’ ಎಂದಿರಬೇಕಾದ ಕಡೆ ಅಕ್ಕ ‘ಕೆಳಗಿನ ಸಾಲು’ ಎಂದು ಬರೆದಿದ್ದಳು. ಪ್ರೋಗ್ರಾಮಿನ ಸಾಲುಗಳೆಲ್ಲ ಸರಿಯಿದ್ದುದರಿಂದ ‘ತುಂಡು’ ಚಕಾರವೆತ್ತದೆ ಅಚ್ಚು ಹಾಕಿತು. ಇಡೀ ತರಗತಿ ಬೇರೆ ಸಾಲು ಅಳಿಸಿ ಕುಳಿತಿತು. ಮಾತು ಸರಿಯಿದೆಯೇ ಎಂದು ನೋಡುವುದು ಅದರಿಂದಾಗದ ಕೆಲಸ. ಈಗ ಹೊಸ ಹಾಳೆ ಅಚ್ಚಾದ ಕೂಡಲೇ ಅಕ್ಕ ತರಗತಿಯಲ್ಲಿ ಎಲ್ಲರಿಗಿಂತ ಕಡಿಮೆ ಗೊತ್ತಿರುವವರನ್ನು ಕರೆದು ಮೊದಲು ಅವರಿಂದ ಮಾಡಿಸುತ್ತಾಳೆ. ಪಕ್ಕದಲ್ಲಿ ಎರಡೂ ಕೈ ಕಟ್ಟಿಕೊಂಡು ಕೂರುತ್ತಾಳೆ, ಕೀಲಿಮಣೆ ಮುಟ್ಟುವುದಿಲ್ಲ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಪೆನ್ಸಿಲ್ಲಿನಿಂದ ಒಂದು ಗೆರೆ ಹಾಕಿಕೊಳ್ಳುತ್ತಾಳೆ.