ಚಾಚಾನ ಫೋನಿನ ಮಾತು

ಇವತ್ತು ಬೆಳಿಗ್ಗೆ ಏನನ್ನೋ ಹುಡುಕುತ್ತ ಕಂಪ್ಯೂಟರಿನಲ್ಲಿ ಹಳೆಯ ಫೈಲೊಂದನ್ನು ತೆರೆದೆ. ಅದರ ನೆತ್ತಿಯ ಮೇಲೆ ಒಂದು ಎಚ್ಚರಿಕೆ: ‘ಇದು ತಾನಾಗಿ ತಯಾರಾದದ್ದು, ಕೈಯಿಂದ ತಿದ್ದಬೇಡಿ.’ ಇದರಲ್ಲಿ ನಗುವಂಥದ್ದೇನೂ ನಿಮಗೆ ಕಾಣಲಿಕ್ಕಿಲ್ಲ. ನನಗೆ ನಗು ಬಂತು, ಯಾಕೆಂದರೆ ಆಗ ನನ್ನ ಜೊತೆ ಕೆಲಸಕ್ಕಿದ್ದ ಶಾಹಿದಾ ಅದನ್ನು ಓದಿದ ಮೇಲೂ ತಿದ್ದಿದ್ದಳು.

ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದೆ, ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ನಾವಿಬ್ಬರೂ ಅಂಗಡಿಕಾರರಿಗೆ ಮೊಬೈಲ್ ಆ್ಯಪು ಮಾಡಿಕೊಡುತ್ತಿದ್ದೆವು. ಗಿರಣಿ ಶುರುವಾದರೆ ಮೇಜು ನಡುಗುತ್ತಿತ್ತು. ಸಂಜೆ ಮನೆಗೆ ಹೊರಟಾಗ ನನ್ನ ಮೀಸೆಯೆಲ್ಲ ಜೋಳದ ಹಿಟ್ಟು.

ಶಾಹಿದಾಳ ತಂದೆ ಮಣ್ಣೂರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು. ನನಗೆ ಅವರು ಚಾಚಾ. ಭಾರಿ ಮಾತಿನ ಮನುಷ್ಯ. ಒಂದು ಟವೆಲ್ ಕೊಳ್ಳಲು ಹೋದವನೂ ಮಕ್ಕಳ ಸುದ್ದಿ, ಬೆಳೆಯ ಸುದ್ದಿ, ಭೀಮಾ ನದಿಯ ಸುದ್ದಿ ಎಲ್ಲ ಹೇಳಿ ಮುಗಿಸಿಯೇ ಏಳಬೇಕು. ಅಂಥವರಿಗೆ ಲಕ್ವಾ ಹೊಡೆದು ಬಲಗೈ ಬಿತ್ತು, ಮಾತೂ ಹೋಯಿತು. ಕೇಳಿದ್ದೆಲ್ಲ ತಿಳಿಯುತ್ತಿತ್ತು, ಹೇಳಲು ಆಗುತ್ತಿರಲಿಲ್ಲ. ಸಿಟ್ಟಿಗೆದ್ದು ಊಟದ ತಟ್ಟೆ ನೂಕುತ್ತಿದ್ದರು. ಅವರು ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ, ಚಿತ್ರ ಒತ್ತಿದರೆ ಮಾತಾಡುವ ಆ್ಯಪು ಸಿದ್ಧವಾಗಬೇಕೆಂದು ಶಾಹಿದಾ ಹಟ ಹಿಡಿದಳು.

ಇಂಥದ್ದಕ್ಕೆ ಮೊದಲು ಒಂದು ನಕ್ಷೆ ಬರೆಯುತ್ತೇವೆ: ಪ್ರತಿ ಮಾತಿಗೂ ಒಂದು ಚಿತ್ರ, ಒಂದು ದನಿ ಎಂದು. ಆ ನಕ್ಷೆ ನೋಡಿ ಕಂಪ್ಯೂಟರಿನೊಳಗಿನ ಒಂದು ಸಾಧನ, ಆ್ಯಪನ್ನು ನಡೆಸುವ ಕೋಡಿನ ಫೈಲನ್ನು ತಾನೇ ಬರೆದುಕೊಡುತ್ತದೆ. ಶಾಹಿದಾಳಿಗೆ ಅದು ಸಾಲಲಿಲ್ಲ. ಅವರ ಮನೆಯಲ್ಲಿ ಉರ್ದು, ಅಂಗಳದಲ್ಲಿ ಕನ್ನಡ. ಒಂದೇ ಚಿತ್ರ ಎರಡನ್ನೂ ಆಡಬೇಕು. ಅದಕ್ಕೆ ಬೇಕಾದ ಸಾಲುಗಳನ್ನು ಸಾಧನ ಬರೆದ ಫೈಲಿನಲ್ಲೇ ಸೇರಿಸಿಬಿಟ್ಟಳು. ನಕ್ಷೆ ಬದಲಿಸಿದಾಗ ಸಾಧನ ಮತ್ತೆ ಬರೆಯಿತು, ಅವಳ ಸಾಲುಗಳು ಅಳಿಸಿಹೋದವು. ಇನ್ನೊಮ್ಮೆ ಬರೆದಳು, ಈ ಸಲ ಅಳಿಯದಿರಲೆಂದು ಇಡೀ ಫೈಲಿನ ನಕಲನ್ನು ಬೇರೆ ಕಡೆ ಇಟ್ಟಳು. ಈಗ ಒಂದೇ ಹೆಸರಿನ ಎರಡು ಫೈಲು. ಎಲ್ಲ ಫೈಲು ಕೂಡಿಸಿ ಆ್ಯಪು ಕಟ್ಟುವ ‘ಬಿಲ್ಡ್’ ಒತ್ತಿದರೆ ತೆರೆಯ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು.

“ಇಷ್ಟಕ್ಯಾಕ ಗಾಬರಿ ಬೇ? ಒಂದು ಅಳಿಸಿದ್ರ ಮುಗೀತು,” ಎಂದು ನಾನು ಹಿರಿಯನ ಗತ್ತಿನಲ್ಲಿ ಸಾಧನ ಬರೆದದ್ದನ್ನೇ ಅಳಿಸಿದೆ. ಬಿಲ್ಡ್ ಒತ್ತಿದೊಡನೆ ಅದು ಮತ್ತೆ ಹುಟ್ಟಿತು. ಮತ್ತೆ ಅಳಿಸಿದೆ, ಮತ್ತೆ ಹುಟ್ಟಿತು.

“ಅಣ್ಣಾ, ನೀವು ಅಳಸಾಕತ್ತೀರಿ, ಅದು ಹುಟ್ಟಾಕತ್ತೈತಿ. ನಾಳೆ ಅಬ್ಬಾ ಮನಿಗೆ ಬರ್ತಾರ್ರಿ,” ಎಂದಳು. ಅವಳ ಕಣ್ಣು ತುಂಬಿತ್ತು.

ನನ್ನ ಗತ್ತು ಇಳಿಯಿತು. ಇಬ್ಬರೂ ಕೂತು ಕೆಂಪು ಸಾಲುಗಳನ್ನು ಮೊದಲಿಂದ ಓದಿದೆವು. ಸಾಧನದ್ದನ್ನು ಸಾಧನಕ್ಕೇ ಬಿಟ್ಟು, ನಕಲನ್ನು ತೆಗೆದು, ಅವಳ ಸಾಲುಗಳನ್ನಷ್ಟೇ ಬೇರೆ ಹೆಸರಿನ ಫೈಲಿಗೆ ಒಯ್ದೆವು. ಹಿಂದಿನ ಬಿಲ್ಡಿನ ಉಳಿಕೆಯನ್ನೆಲ್ಲ ಒರೆಸಿ ಮತ್ತೆ ಬಿಲ್ಡ್ ಮಾಡಿದಾಗ ಆ್ಯಪು ತೆರೆಯಿತು. “ಪಾನಿ ಹೋನಾ,” ಎಂದಿತು ಶಾಹಿದಾಳ ದನಿಯಲ್ಲಿ, ಆಮೇಲೆ, “ನೀರ ಬೇಕು.”

ಮರುದಿನ ಮಣ್ಣೂರಿನಲ್ಲಿ ಚಾಚಾ ಎಡಗೈ ಬೆರಳಿನಿಂದ ಚಿತ್ರಗಳನ್ನು ಸರಿಸಿ ಸರಿಸಿ ನೋಡಿದರು. ಕೊನೆಗೆ ಚಹದ ಚಿತ್ರ ಒತ್ತಿದರು. “ಚಾಯ್ ಹೋನಾ. ಚಾ ಬೇಕು,” ಎಂದಿತು ಫೋನು. ಶಾಹಿದಾ ಓಡಿಹೋಗಿ ಚಹ ತಂದಳು. ಅವರು ಕಪ್ಪು ಮುಟ್ಟಲಿಲ್ಲ. ಮತ್ತೆ ಚಿತ್ರ ಒತ್ತಿ, ಸಿಟ್ಟಿನಿಂದ ನನ್ನತ್ತ ಕೈ ತೋರಿಸಿದರು.

“ಅಯ್ಯ, ಅಣ್ಣಾ! ಅಬ್ಬಾ ನಿಮಗ ಕುಡೀರಿ ಅನ್ನಾಕತ್ತಾರ!” ಎಂದಳು ಶಾಹಿದಾ.

ನೀರು ಬೇಕು, ಗುಳಿಗೆ ಬೇಕು, ಹೊದಿಕೆ ಬೇಕು. ನಾವು ಹಾಕಿದ್ದೆಲ್ಲ ಬೇಡುವ ಮಾತುಗಳೇ. ಬಂದವರನ್ನು ಕೂಡಿಸಿ ಉಪಚರಿಸಿಯೇ ಬದುಕಿದ ಮನುಷ್ಯನಿಗೆ ಕೊಡುವ ಮಾತು ಒಂದೂ ಇರಲಿಲ್ಲ. ನಾನು ಆ ಚಹವನ್ನು ಅವರೆದುರೇ ಕುಡಿದೆ. ಅವರ ಮುಖ ಸಡಿಲಾಯಿತು.

ಹೊಸ ಮಾತುಗಳಿಗಾಗಿ ನಕ್ಷೆ ಮತ್ತೆ ಬದಲಾಯಿತು, ಸಾಧನ ಮತ್ತೆ ಬರೆಯಿತು; ಶಾಹಿದಾಳ ಸಾಲುಗಳು ಮಾತ್ರ ಕದಲಲಿಲ್ಲ. “ಅಬ್ಬಾಗ ಗಂಡಸರ ದನಿ ಬೇಕ್ರಿ,” ಎಂದಳು. ಉರ್ದುವಿಗೆ ಅವಳ ತಮ್ಮ, ಕನ್ನಡಕ್ಕೆ ನಾನು. ರೆಕಾರ್ಡು ಕೇಳಿ, ಇಷ್ಟು ಮೂಗಿನಲ್ಲಿ ಮಾತಾಡುತ್ತೇನೆಯೇ ಎಂದು ನಾಚಿದ್ದೆ.

ಇವತ್ತು ಆ ಫೈಲು ನೋಡಿ ಕಂಪ್ಯೂಟರು ಮುಚ್ಚಿ, ಮಧ್ಯಾಹ್ನದ ಬಸ್ಸಿಗೆ ಮಣ್ಣೂರಿಗೆ ಹೋದೆ. ಹೋಗದೆ ಬಹಳ ದಿನವಾಗಿತ್ತು, ಏನೆನ್ನುತ್ತಾರೋ ಎಂಬ ಅಳುಕೂ ಇತ್ತು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿನಿಂದ ಉರ್ದುವಿನ ಹಿಂದೆಯೇ ನನ್ನದೇ ಮೂಗಿನ ದನಿ ಕೇಳಿತು: “ಬರ್ರಿ, ಬರ್ರಿ. ಒಳಗ ಬರ್ರಿ.” ಚಾಚಾ ಮಂಚದ ಮೇಲೆ ಫೋನು ಎತ್ತಿ ಹಿಡಿದು, ಬಾಯಿಯ ಒಂದೇ ಬದಿಯಿಂದ ನಗುತ್ತಿದ್ದರು. ಈ ಸಲ ನಾಚಿಕೆಯಾಗಲಿಲ್ಲ.

“ಬಂದೇನ್ರಿ ಚಾಚಾ,” ಎಂದು ಒಳಗೆ ಹೋದೆ.